ದೊರೆಯ ಮೂಗಿನ ಮೇಲಿನ ನರಹುಲಿ

1671 ನವೆಂಬರ್ 9

ಮೂರು ಕೋಟೆಗಳ ಒಡೆಯರೂ, ನಲವತ್ತು ಬೇಟೆನಾಯಿಗಳ ಪೋಷಕರೂ, ಸದ್ಯ ಸೀಸದ ಪೆಟ್ಟಿಗೆಯಲ್ಲಿ ಅಂಗಾತ ವಿರಾಜಮಾನರೂ ಆದ ಡ್ಯೂಕ್ ಎಬರ್‌ವಿನ್ ಮಹಾಪ್ರಭುಗಳ ಪಾದಾರವಿಂದಗಳಿಗೆ, ಟಂಕಸಾಲೆಯಲ್ಲಿ ಅಚ್ಚು ಕೆತ್ತುವ ಫೈಟ್‌ನ ಸಾಷ್ಟಾಂಗ ನಮಸ್ಕಾರ.

ನೆನಪಿದೆಯೇ ಪ್ರಭು? ನಿಮ್ಮ ಮೂಗಿನ ಮೇಲಿನ ನರಹುಲಿಯನ್ನು ನಾಣ್ಯದಲ್ಲಿ ಇದ್ದಂತೆಯೇ ತೋರಿಸಿದ್ದಕ್ಕೆ ನನ್ನಪ್ಪನನ್ನು ಟಂಕಸಾಲೆಯಿಂದ ಹೊರಗೆ ದಬ್ಬಿಸಿದಿರಿ. ಅಂಥ ಕೈ ಈಗ ಕೋಟಿನ ಗುಂಡಿ ಕೆತ್ತುತ್ತಿದೆ. ಆರು ವರ್ಷ ಕಾದೆ. ನೀವು ಸತ್ತಿರಿ, ಶವಯಾತ್ರೆಯಲ್ಲಿ ಹಂಚುವ ಬೆಳ್ಳಿ ಥಾಲರ್ ನಾಣ್ಯದ ಅಚ್ಚು ನನ್ನ ಕೈಗೆ ಬಂತು. ಉಕ್ಕಿನ ಅಚ್ಚಿನಲ್ಲಿ ಕುಳಿ ಬಿದ್ದರೆ ಬೆಳ್ಳಿಯಲ್ಲಿ ಉಬ್ಬು ಏಳುತ್ತದೆ. ಅಚ್ಚಿನಲ್ಲಿ ನಿಮ್ಮ ಮೂಗಿನ ಮೇಲೆ ಒಂದೇ ಒಂದು ಏಟು ಹಾಕಿದೆ. ನಿಮ್ಮ ನೆಂಟರೆಲ್ಲ ನಿಮ್ಮ ನರಹುಲಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಲಿ, ಮೊಮ್ಮಕ್ಕಳಿಗೆ ತೋರಿಸಿ ನಗಲಿ!

ಇವತ್ತು ಮಾದರಿ ನಾಣ್ಯ ನೋಡಲು ನಿಮ್ಮ ರಾಣಿಯವರೇ ಬಂದರು. ಟಂಕಸಾಲೆಯ ಯಜಮಾನರು ಬಿಳಿಚಿಕೊಂಡರು.

"ಲೋ ಫೈಟ್, ಮೂಗಿನ ಮೇಲೆ ಇದೇನೋ ಬಟಾಣಿ?"

"ದೊರೆಗಳ ಘನತೆ ಸ್ವಾಮಿ, ಒಳಗೆ ಹಿಡಿಸದೆ ಹೊರಗೆ ಉಬ್ಬಿತು."

"ಬಾಯ್ಮುಚ್ಚೋ! ನಿಮ್ಮಪ್ಪನ ದಾರೀನೇ ನಿಂಗೂ! ಈಗ್ಲೇ ಆ ಅಚ್ಚು ಒಡೆದು ಹಾಕು."

ರಾಣಿಯವರು ಆ ಉಬ್ಬಿನ ಮೇಲೆ ಬೆರಳಾಡಿಸಿದರು. "ಬೇಡ ಕಣಪ್ಪ, ಇರ್ಲಿ. ಇಷ್ಟು ದಿನ ನಾಣ್ಯದಲ್ಲೆಲ್ಲ ಯಾರೋ ಸುಂದರಾಂಗ ಇರ್ತಿದ್ದ. ಇವ್ರು ನೋಡು, ನನ್ನ ಗಂಡ," ಎಂದು ಗಳಗಳನೆ ಅತ್ತುಬಿಟ್ಟರು.

ಸತ್ತ ಮೇಲೂ ನನ್ನ ಸೇಡನ್ನು ಕಸಿದುಕೊಂಡಿರಲ್ಲ ಪ್ರಭು!

ನಿನ್ನ ಕಣ್ಣೇಕೆ ಒದ್ದೆ ಎಂದು ಯಜಮಾನರು ಕೇಳಿದಾಗ ಕುಲುಮೆಯ ಹೊಗೆ ಎಂದೆ. ಇವತ್ತು ಕುಲುಮೆ ಹೊತ್ತಿಸಿಯೇ ಇರಲಿಲ್ಲ.