ಮುಚ್ಚಳ ತೆಗೆದ ಆಯುಧಪೂಜೆ

ಕತ್ತಲಮನೆ, ಕೋಲಾರ
ನವೆಂಬರ್ ಮೂವತ್ತೊಂದು, ೨೪೩೮

ನಾಗವೇಣಮ್ಮನವರೇ,

ತಾರೀಕು ನೋಡಿ ನಗಬೇಡಿ. ಜುಲೈಯಿಂದ ಒಂದು ದಿನ ಕಿತ್ತು ನವೆಂಬರಿಗೆ ಕೊಟ್ಟು ನಮ್ಮಲ್ಲಿ ನೂರು ವರ್ಷವಾಯಿತು. ನನ್ನ ಮಾತೂ ನಿಮ್ಮ ಕಿವಿಗೆ ಒರಟಾಗಿ ಕೇಳಿಸಬಹುದು. ನಾನೂರು ವರ್ಷ ಹಿಂದಿನ ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮದೇ ಪ್ರಯೋಗದ ನೋಟ್‌ಬುಕ್ಕಿನಿಂದ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಮುನಿರತ್ನಮ್ಮ, ಬೆಳಕುತೂಕದವಳು. ದೀಪದಿಂದ ಎಷ್ಟು ಬೆಳಕು ಬರುತ್ತದೆಂದು ಅಳೆದು ಮುದ್ರೆ ಒತ್ತುವುದು ನನ್ನ ಕಸುಬು. ಹಳೆಯ ಚಿನ್ನದ ಗಣಿಯ ತಳದಲ್ಲಿ ನಮ್ಮ ಕತ್ತಲಮನೆ ಇದೆ. ಚಿನ್ನ ಮುಗಿದ ಮೇಲೆ ಅಲ್ಲಿ ಉಳಿದದ್ದು ಅಪ್ಪಟ ಕತ್ತಲು, ಅದೇ ನಮಗೆ ಬಂಡವಾಳ. ಬೆಳಗ್ಗೆ ಮುದ್ದೆ, ಬಸ್ಸಾರು ಉಂಡು, ಇದ್ದಿಲು ಬಣ್ಣದ ಸೀರೆಯುಟ್ಟು, ಬಳೆ ಮೂಗುತಿ ಬಿಚ್ಚಿಟ್ಟು ಇಳಿಯುತ್ತೇವೆ. ಮೂಗುತಿಯ ಮಿಂಚೂ ಅಲ್ಲಿ ಕಳ್ಳ ಬೆಳಕು. ಕಾಮಾಲೆ ಬಂದ ಹಸುಗೂಸುಗಳನ್ನು ಮಲಗಿಸುವ ನೀಲಿ ದೀಪದಿಂದ ಹಿಡಿದು ಚಂದ್ರನ ಮೇಲಿನ ತೋಟದ ದೀಪಗಳವರೆಗೆ ಎಲ್ಲಕ್ಕೂ ನಮ್ಮದೇ ಅಳತೆ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಆ ಅಳತೆಯ ತಾಯಿ ನಿಮ್ಮ ಮೇಜಿನ ಮೇಲಿರುವ, ಬೆಳಕನ್ನು ವಿದ್ಯುತ್ತಾಗಿಸುವ ಫೋಟೋಡಯೋಡ್ ಜೋಡಿ. ನಾವು ಅದನ್ನು ಅಕ್ಕತಂಗಿ ಎನ್ನುತ್ತೇವೆ. ಅಕ್ಕ ಹಿಂದಕ್ಕೆ ಚೆಲ್ಲಿದ ಬೆಳಕನ್ನು ತಂಗಿ ಹಿಡಿಯುತ್ತಾಳೆ, ತಂಗಿ ಚೆಲ್ಲಿದ್ದನ್ನು ಅಕ್ಕ. ಒಂದು ಹನಿ ಬೆಳಕಿಗೆ ಒಂದು ಹನಿ ವಿದ್ಯುತ್ತು. ಹತ್ತು ವರ್ಷಕ್ಕೊಮ್ಮೆ ಅವರನ್ನು ಶೀತತಕ್ಕಡಿಯ ಎದುರು ಪರೀಕ್ಷಿಸುತ್ತೇವೆ. ಕಡುಚಳಿಯಲ್ಲಿ ಕೂತು ಬೆಳಕು ಕುಡಿದು, ತಾನೆಷ್ಟು ಬಿಸಿಯಾದೆ ಎಂದು ಹೇಳುವ ಯಂತ್ರ ಅದು. ಒಂದೇ ಲೇಸರ್ ಕಿರಣವನ್ನು ಒಮ್ಮೆ ಅದಕ್ಕೆ, ಒಮ್ಮೆ ಅಕ್ಕತಂಗಿಗೆ ಹಾಯಿಸಿ ಇಬ್ಬರ ಉತ್ತರವನ್ನೂ ಹೋಲಿಸುತ್ತೇವೆ.

ಈ ಸಲ ಅಕ್ಕತಂಗಿ ಹತ್ತು ಸಾವಿರಕ್ಕೆ ಮೂರು ಪಾಲು ಕಡಿಮೆ ಹೇಳಿದರು. ಇಷ್ಟರಿಂದ ಯಾವ ಮಗುವಿಗೂ ಏನೂ ಆಗದು. ಆದರೆ ತಾಯಿ ಅಳತೆಗೆ ಅದು ಸೋಲೇ, ಸೋತ ಜೋಡಿಯನ್ನು ಕರಗಿಸಬೇಕೆಂಬುದು ನಿಯಮ. ಜೊತೆ ಕೆಲಸದ ಪಾಪಣ್ಣ, "ವಯಸ್ಸಾಗೋಯ್ತು ಕಣಕ್ಕ, ನಾನೂರು ವರ್ಸ ದುಡಿದವ್ರೆ, ಕಳಿಸ್ಕೊಟ್ಬುಡು" ಅಂದ. ನನಗೆ ಅನ್ನ ಸೇರಲಿಲ್ಲ.

ಮೂರು ದಿನ ನಿಮ್ಮ ನೋಟ್‌ಬುಕ್ ತಿರುವಿದೆ. ನೂರ ಹನ್ನೆರಡನೇ ಪುಟದ ಅಂಚಿನಲ್ಲಿ ನಿಮ್ಮ ಕೈಬರಹ: "ಆಯುಧಪೂಜೆಯ ದಿನ ಮುಚ್ಚಳ ತೆಗೆದೇ ಕರ್ಪೂರ ಬೆಳಗಿದೆ. ಮಸಿ ಕೂತು ಹತ್ತು ಸಾವಿರಕ್ಕೆ ಮೂರು ಇಳಿದಿದೆ. ತಪ್ಪು ನನ್ನದು. ಒಣ ಮಂಜುಗಡ್ಡೆಯ ಪುಡಿ ಊದಿದ ಮೇಲೆ ಸರಿಯಾಯಿತು." ಈ ಸಲದ ಆಯುಧಪೂಜೆಗೆ, ಊರವರೆಲ್ಲ ಕಣ್ತುಂಬ ನೋಡಲಿ ಎಂದು ಅಕ್ಕತಂಗಿಯ ಮುಚ್ಚಳ ತೆಗೆದು ಮಂಗಳಾರತಿ ಎತ್ತಿದವಳು ನಾನೇ. ನಾನೂರು ವರ್ಷ ಕಳೆದರೂ ಹೆಮ್ಮೆ ಉಕ್ಕಿದಾಗ ಕರ್ಪೂರ ಹಚ್ಚುವುದನ್ನು ನಾವು ಬಿಟ್ಟಿಲ್ಲ ನೋಡಿ.

ಕಾರಣ ಬರೆದು ಸಹಿ ಹಾಕದೆ ಅಕ್ಕತಂಗಿಯ ಮುಖ ತೊಳೆಯುವಂತಿಲ್ಲ. ಬರೆದರೆ ಮೂವತ್ತು ವರ್ಷ ಒತ್ತಿದ ನನ್ನ ಮುದ್ರೆ ಹೋಗುತ್ತದೆ. ಸುಮ್ಮನಿದ್ದರೆ ಅವರು ಕುಲುಮೆಗೆ. ನಿಮ್ಮ ಸಾಲಿನ ಕೆಳಗೆ ನಿಮ್ಮದೇ ಮಾತು ಬರೆದೆ: ತಪ್ಪು ನನ್ನದು. ಪಾಪಣ್ಣ ಪುಡಿ ಊದಿದ, ಮತ್ತೆ ಅಳೆದೆವು. ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. "ಅಕ್ಕೋ, ಮುದುಕೀರು ಗೆದ್ಬುಟ್ರು" ಎಂದು ಅವನು ಆ ಕತ್ತಲಲ್ಲೇ ಕುಣಿದ. ನಾನು ಅತ್ತುಬಿಟ್ಟೆ. ಅಷ್ಟು ಹೆಮ್ಮೆ ನನಗೆ ಮುದ್ರೆ ಸಿಕ್ಕ ದಿನವೂ ಆಗಿರಲಿಲ್ಲ. ಈಗ ಆ ಮುದ್ರೆ ಪಾಪಣ್ಣನ ಕೈಯಲ್ಲಿದೆ. ನನ್ನಷ್ಟು ನೀಟಾಗಿ ಒತ್ತುವುದಿಲ್ಲ ಬಿಡಿ.

ನಾಗವೇಣಮ್ಮ, ನನ್ನ ಎಣಿಕೆ ಸರಿಯಿದ್ದರೆ, ಕಾಲದಲ್ಲಿ ಹಿಂದಕ್ಕೆ ಕಳಿಸುತ್ತಿರುವ ಈ ಕಾಗದ ನಿಮ್ಮ ಕೈಸೇರುವುದು ನಿಮ್ಮ ಆ ಪೂಜೆಯ ಮಾರನೆಯ ದಿನ. ಅಳತೆ ಇಳಿದಿದೆ, ಕಾರಣ ನಿಮ್ಮೊಬ್ಬರಿಗೇ ಗೊತ್ತು, ನೂರ ಹನ್ನೆರಡನೇ ಪುಟದ ಅಂಚು ಇನ್ನೂ ಖಾಲಿ. ಸದ್ದಿಲ್ಲದೆ ತೊಳೆದುಬಿಟ್ಟರೆ ಯಾರಿಗೂ ತಿಳಿಯದು ಎಂದು ಮನಸ್ಸು ಹೇಳುತ್ತಿರಬಹುದು. ಅದರ ಮಾತು ಕೇಳಬೇಡಿ. ಪೆನ್ನು ತೆಗೆದುಕೊಳ್ಳಿ, ತಾಯಿ.

ಮುದ್ರೆಯಿಲ್ಲದ ಸಹಿ,
ಮುನಿರತ್ನಮ್ಮ