ಮೇಲಿನ ಚಕ್ರದ ಹಿಂದೆ ಎರಡು ವಾಷರ್

ಮಾರ್ಚ್ 3, ಸೋಮವಾರ
ಬ್ಲೇಡು ಮತ್ತೆ ಜಾರಿತು. ಪಿಟೀಲಿನ ಬೆನ್ನಿಗೆಂದು ಎತ್ತಿಟ್ಟಿದ್ದ ಮೇಪಲ್ ಹಲಗೆ ಹಾಳು. ಶುಕ್ರವಾರ ನಾನೇ ಗರಗಸದ ಬ್ಲೇಡು ಸುತ್ತುವ ಮೇಲಿನ, ಕೆಳಗಿನ ಎರಡೂ ಚಕ್ರಗಳನ್ನು ಒಂದೇ ಸಾಲಿಗೆ ತಂದಿದ್ದೆ. ನೇರ ಅಳೆಯುವ ಉಕ್ಕಿನ ಪಟ್ಟಿ ಆನಿಸಿ ನೋಡಿದ್ದೆ. ನಾಲ್ಕೂ ಕಡೆ ತಾಗಿತ್ತು. ಇವತ್ತು ಮೇಲಿನ ಚಕ್ರದ ಹಿಂದೆ ಎರಡು ವಾಷರ್ ಹೆಚ್ಚಿಗೆ, ಚಕ್ರ ಸಾಲು ತಪ್ಪಿ ಮುಂದೆ ಬಂದಿದೆ! ವರ್ಕ್‌ಶಾಪಿನ ಬೀಗದ ಕೈ ಇರುವುದು ಇಬ್ಬರಲ್ಲೇ. ನಾನು, ವಾಲೆರಣ್ಣ.

ಮಾರ್ಚ್ 4
ವಾಷರ್ ತೆಗೆದೆ. ಕೇಳಿಯೇಬಿಟ್ಟೆ.
"ಚಕ್ರಕ್ಕೆ ಕೈ ಹಾಕಿದ್ರಾ, ವಾಲೆರಣ್ಣ?"
"ನಿಂಗೆ ಗರಗಸ ಹಿಡಿಯೋದು ಕಲಿಸಿದ್ದೇ ನಾನು, ಇಲಿಂಕಾ. ಈಗ ನನ್ನೇ ವಿಚಾರಣೆ ಮಾಡ್ತೀಯಾ?"
ಇಲ್ಲ ಅನ್ನಲಿಲ್ಲ.

ಮಾರ್ಚ್ 7
ಮತ್ತೆ ಎರಡು ವಾಷರ್.
ಮಧ್ಯಾಹ್ನ ಚೌಕದಲ್ಲಿ ಕಂಡೆ — ವಾಲೆರಣ್ಣ, ಜೊತೆಗೆ ಹೊರಿಯಾ. ನದಿಯಾಚೆಯ ಫ್ಯಾಕ್ಟರಿ ಮ್ಯಾನೇಜರ್. ನಮ್ಮ ಜಾಗದ ಮೇಲೆ ಎರಡು ವರ್ಷದಿಂದ ಅವನ ಕಣ್ಣು. ಬಟ್ಟೆ ಸುತ್ತಿದ ಉದ್ದನೆಯದೇನನ್ನೋ ಇವರ ಕೈಗೆ ಕೊಟ್ಟ.
ಅರ್ಥವಾಯಿತು. ಮರ ಹಾಳಾಗಲಿ, ಇಲಿಂಕ ಬೇಸತ್ತು ಬಿಟ್ಟುಹೋಗಲಿ... ಹದಿನಾರು ವರ್ಷ ಒಟ್ಟಿಗೆ ದುಡಿದದ್ದಕ್ಕೆ ಇದು.

ಮಾರ್ಚ್ 12
ಊಟವೂ ಬೇರೆ ಬೇರೆ. ಅವರ ಬೀನ್ಸ್ ಸೂಪು ಅವರಿಗೆ, ನನ್ನದು ನನಗೆ.
ಇವತ್ತು ಮತ್ತೆ ಅದೇ ವಾಷರ್; ಬ್ಲೇಡು ಚಕ್ರದಿಂದಲೇ ಹಾರಿತು. ನನ್ನ ಕೈ ಒಂದು ಗೇಣು ಆಚೆ ಇತ್ತು. ಅಷ್ಟೇ.

ಮಾರ್ಚ್ 13, ಬೆಳಿಗ್ಗೆ 7
ಒಂದು ಗಂಟೆ ಮೊದಲೇ ಹೋದೆ. ಸಿಕ್ಕಿಬಿದ್ದರು. ಕೈಯಲ್ಲಿ ಸ್ಪ್ಯಾನರ್.
"ನನ್ನ ಕೈ ಹೋಗ್ತಿತ್ತು! ಹೊರಿಯಾ ಏನು ಕೊಡ್ತೀನಂದ ನಿಮ್ಗೆ?"
"ಪಟ್ಟಿ ಕೊಟ್ಟ. ಹೊಸಾದು. ಹಳೇದು ಇಟ್ಟು ನೋಡಿದ್ರೆ ಚಕ್ರ ಸೊಟ್ಟ ಕಾಣೋದು, ಸರಿ ಮಾಡೋಕೇ ವಾಷರ್ ಹಾಕ್ತಿದ್ದೆ. ನಮ್ಮ ಪಟ್ಟೀನ ನೀನೇ ಬೇಕಂತ ಬಗ್ಗಿಸಿದ್ದೀಯ ಅಂದ್ಕೊಂಡಿದ್ದೆ. ಮುದುಕನ್ನ ಮನೆಗೆ ಕಳಿಸೋಕೆ." ಹೊಸ ಪಟ್ಟಿಯನ್ನು ಬೆಳಕಿಗೆ ಹಿಡಿದರು. "ನೋಡು, ಇದೂ ನಡುವೆ ಸೊಟ್ಟ. ಎಲ್ಲಾ ಸೇರಿ ನನ್ನ ಆಟ ಆಡಿಸ್ತಿದ್ದೀರಾ?"
ಇಸಿದುಕೊಂಡು ನೋಡಿದೆ. ದಾರ ಬಿಗಿದ ಹಾಗೆ ನೇರ.
ಕಿಟಕಿಯ ಚೌಕಟ್ಟು ತೋರಿಸಿದೆ. "ಅದು?"
"ಅದೂ..." ಅಂದವರು ನಿಲ್ಲಿಸಿದರು. ಒಂದು ಕಣ್ಣು ಮುಚ್ಚಿದರು. ಆಮೇಲೆ ಇನ್ನೊಂದು. ಸ್ಪ್ಯಾನರ್ ಕೆಳಗಿಟ್ಟರು.
"ಬಾಗಿಲೂ ಸೊಟ್ಟ, ಇಲಿಂಕಾ."

ಮಾರ್ಚ್ 14, ಕಣ್ಣಿನ ಆಸ್ಪತ್ರೆ
ಬೆಂಚಿನ ಮೇಲೆ ಬರೆಯುತ್ತಿದ್ದೇನೆ. ಅವರು ಒಳಗೆ. ಬಸ್ಸಿನಲ್ಲಿ ಕೇಳಿದರು:
"ನನ್ ಮೇಲೆ ಯಾವಾಗಿಂದ ಅನುಮಾನ ನಿಂಗೆ?"
"ಹತ್ತು ದಿನ ಆಯ್ತು. ನಿಮ್ಗೆ?"
"ಕ್ರಿಸ್‌ಮಸ್‌ನಿಂದ."
ಇಳಿಯುವಾಗ ಮೆಟ್ಟಿಲು ಕಾಣದೆ ನನ್ನ ತೋಳು ಹಿಡಿದರು. ಬಿಡಲಿಲ್ಲ.
ನರ್ಸ್ ಹೊರಗೆ ಬಂದಳು. "ವಾಲೆರ್ ಅವ್ರ ಮನೆಯವ್ರು ಯಾರಾದ್ರೂ ಇದ್ದೀರಾ?" ಅನ್ನುತ್ತಿದ್ದಾಳೆ. ಏಳಬೇಕು, ನಾನೇ —