ನಿನ್ನಮ್ಮ ನೀರಿಗೆ ಹಾರಿದ ಶನಿವಾರ

ವಾರಗಿಲ್
ಸೋಮವಾರ, ೨೮ ನವೆಂಬರ್ ೧೯೮೩

ಪ್ರೀತಿಯ ಡೆಸ್,

ಬೆನ್ನು ಹೇಗಿದೆ? ಮೊದಲು ಅದನ್ನು ಹೇಳು. ಹೋದ ಪತ್ರದಲ್ಲಿ "ಪರವಾಗಿಲ್ಲ" ಅಂತ ಬರೆದಿದ್ದೀಯ. ನಿನ್ನ "ಪರವಾಗಿಲ್ಲ" ಅಂದರೆ ಏನು ಅನ್ನೋದನ್ನು ಮದುವೆಯಾದ ಹೊಸದರಲ್ಲೇ ಕಲಿತವಳು ನಾನು. ದಿನವಿಡೀ ಬಗ್ಗಿ ಕುರಿಗಳ ಉಣ್ಣೆ ಕತ್ತರಿಸಿ ಬಂದ ಮೇಲೆ ಹಾಗೇ ಮಲಗಬೇಡ, ಬಿಸಿನೀರು ಹಾಕಿಕೋ, ಆ ಮುಲಾಮು ಹಚ್ಚಿಸಿಕೋ. ಶೆಡ್ಡಿನಲ್ಲಿ ಹತ್ತು ಗಂಡಸರಿದ್ದೀರಿ, ಒಬ್ಬರಿಗೊಬ್ಬರು ಬೆನ್ನು ತಿಕ್ಕೋಕೆ ಯಾಕೆ ಅಷ್ಟೊಂದು ನಾಚಿಕೆಯೋ ನನಗಂತೂ ಅರ್ಥವಾಗಲ್ಲ. ಇಲ್ಲಿ ಜಿಲ್‌ಳ ಕೆಮ್ಮು ಪೂರ್ತಿ ಹೋಗಿದೆ. ಮುಂದಿನ ಹಲ್ಲು ಒಂದು ಬಿದ್ದಿದೆ, ಅದನ್ನು ಅಪ್ಪನಿಗೆ ಕಳಿಸಬೇಕು ಅಂತ ಹಟ ಮಾಡಿದ್ದಳು, ಹೇಗೋ ಮರೆಸಿದ್ದೇನೆ. ನನಗೂ ಆರಾಮ. ನಿನ್ನಮ್ಮನಿಗೂ ಆರಾಮ. ಎಷ್ಟು ಆರಾಮ ಅಂದರೆ, ಅದನ್ನು ಹೇಳೋಕೇ ಬೆಳಿಗ್ಗೆಯ ಪಾತ್ರೆಗಳನ್ನೆಲ್ಲ ಹಾಗೇ ಬಿಟ್ಟು ಬರೆಯೋಕೆ ಕೂತಿದ್ದೇನೆ. ನೀನೂ ಎಲ್ಲಾದರೂ ಕೂತುಕೊಂಡು ಓದು.

ಊರಲ್ಲಿ ಈ ಸಲ ಸಿಕ್ಕಾಪಟ್ಟೆ ಸುದ್ದಿ. ಗ್ರೆಟಾಳ ಅಂಗಡಿಯ ಹೊರಗಿನ ಹಲಗೆ ನೋಡಿದರೆ ನಮ್ಮದು ಇನ್ನೂರು ಜನರ ಊರು ಅಂತ ಯಾರೂ ನಂಬಲ್ಲ, ಚೀಟಿ ಚುಚ್ಚೋಕೆ ಜಾಗವೇ ಇಲ್ಲ. ಡಿಸೆಂಬರ್ ಹದಿನೇಳಕ್ಕೆ ಸಭಾಭವನದಲ್ಲಿ ಕ್ರಿಸ್‌ಮಸ್ ಮರ, ಮಕ್ಕಳಿಗೆಲ್ಲ ಉಡುಗೊರೆ. ಪಕ್ಕದ ಊರಿನವರ ಜೊತೆ ಕ್ರಿಕೆಟ್ ಮ್ಯಾಚು, ನಮ್ಮ ಕಡೆ ಒಂಬತ್ತೇ ಜನ ಸಿಕ್ಕಿದ್ದಾರೆ, ಇನ್ನಿಬ್ಬರಿಗೆ ಹುಡುಕಾಟ ನಡೆದಿದೆ. ಮಹಿಳಾ ಸಂಘದವರ ಲ್ಯಾಮಿಂಗ್‌ಟನ್ ಮಾರಾಟ, ಅದಕ್ಕೆ ಕೇಕು ಚಾಕೊಲೇಟಿನಲ್ಲಿ ಅದ್ದಿ ತೆಂಗಿನ ತುರಿಯಲ್ಲಿ ಹೊರಳಿಸುವ ಕೆಲಸ ಯಥಾಪ್ರಕಾರ ನನ್ನ ತಲೆಗೇ ಬಂದಿದೆ. ಕೆಳಗಡೆ ಕೆಲಸದ ಚೀಟಿಗಳು. ಹೋಟೆಲಿಗೆ ಅಡುಗೆಯವರು ಬೇಕು, ಹಳಬಳು ಸಿಟ್ಟು ಮಾಡಿಕೊಂಡು ಸೌಟು ಬಿಸಾಡಿ ಹೋದಳಂತೆ. ಶಾಲೆಗೆ ವಾರಕ್ಕೆ ಮೂರು ದಿನ ಕಸ ಗುಡಿಸುವವರು ಬೇಕು. ಒಂದು ಮೂಲೆಯಲ್ಲಿ ಬಿಸಿಲಿಗೆ ಹಳದಿಯಾದ ಒಂದು ಚೀಟಿ: ಈಜುಕೊಳ ನೋಡಿಕೊಳ್ಳುವವರು ಬೇಕು, ಜೀವರಕ್ಷಕರ ಪರೀಕ್ಷೆಯಲ್ಲಿ ಪಾಸಾಗಿರಬೇಕು ಅಂತ. ಅದನ್ನು ಯಾರೂ ಮುಟ್ಟಿರಲಿಲ್ಲ.

ಹೋದ ಬೇಸಿಗೆಯಲ್ಲಿ ಏನಾಯ್ತು ಅಂತ ನಿನಗೆ ಗೊತ್ತೇ ಇದೆ. ಕಾಯೋಕೆ ಜನ ಇಲ್ಲ ಅಂತ ಕೊಳಕ್ಕೆ ಬೀಗ ಹಾಕಿದರು, ಮಕ್ಕಳೆಲ್ಲ ನೀರಾವರಿ ಕಾಲುವೆಗೆ ಹೋದರು, ಗ್ರೆಟಾಳ ಮೊಮ್ಮಗನ ಜೀವ ಹೋಗಿ ಬಂದಂತಾಯ್ತು. ಈ ಸಲವೂ ಜನ ಸಿಗದಿದ್ದರೆ ಕೌನ್ಸಿಲಿನವರು ಕೊಳವನ್ನೇ ಮಣ್ಣು ತುಂಬಿ ಮುಚ್ಚುತ್ತಾರೆ ಅನ್ನೋ ಮಾತು ಬಂತು. ಡಿಸೆಂಬರ್, ಜನವರಿಯ ನಲವತ್ತು ಡಿಗ್ರಿ ಬಿಸಿಲಲ್ಲಿ ಕೊಳವೂ ಇಲ್ಲದ ಊರಲ್ಲಿ ಚಿಕ್ಕ ಮಕ್ಕಳಿರೋ ಯಾವ ಸಂಸಾರ ನಿಲ್ಲುತ್ತೆ ಹೇಳು? ಬೇಕರಿಯ ರೆನಿ ಆಗಲೇ ಗಂಟುಮೂಟೆ ಕಟ್ಟೋ ಮಾತಾಡ್ತಿದ್ದಳು. ಅವಳು ಹೋದರೆ ಶಾಲೆಯಲ್ಲಿ ನಾಲ್ಕು ಮಕ್ಕಳು ಕಡಿಮೆ. ಆಮೇಲೆ ಶಾಲೆಯ ಗತಿ ಏನು ಅಂತ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಟ್ಟು ಹೇಳಲ್ಲ.

ಹೀಗಿರುವಾಗ ಒಂದು ಭಾನುವಾರ ಊಟಕ್ಕೆ ಕೂತಿದ್ದೇವೆ. ನಿನ್ನಮ್ಮ ಕುರಿ ಮಾಂಸ ಕೊಯ್ಯುತ್ತಾ ತಲೆ ಎತ್ತದೇ, "ನಾನು ಹಾಕ್ತೀನಿ" ಅಂದರು. ಗ್ರೇವಿ ಹಾಕುತ್ತಾರೇನೋ ಅಂತ ನಾನು ತಟ್ಟೆ ಮುಂದೆ ಹಿಡಿದೆ. "ಗ್ರೇವಿ ಅಲ್ಲಮ್ಮ, ಅರ್ಜಿ. ಕೊಳದ ಕೆಲಸಕ್ಕೆ" ಅಂದರು. ಜಿಲ್ ನಕ್ಕಳು, ನಾನೂ ನಕ್ಕುಬಿಟ್ಟೆ. ಅವರು ನಗಲಿಲ್ಲ. ಅರವತ್ತೆರಡು ವರ್ಷ, ಡೆಸ್. ಮೆಟ್ಟಿಲು ಇಳಿಯುವಾಗ ಮಂಡಿ ಕಟಕಟ ಅನ್ನೋದು ಪಕ್ಕದ ಮನೆಗೆ ಕೇಳಿಸುತ್ತೆ. ಮರ್ರೆ ನದಿಯ ದಡದಲ್ಲಿ ಹುಟ್ಟಿ ಬೆಳೆದವರು, ಹುಡುಗಿಯಾಗಿದ್ದಾಗ ನದಿಯನ್ನು ಆ ದಡದಿಂದ ಈ ದಡಕ್ಕೆ ಈಜುತ್ತಿದ್ದರು, ನಿನಗೆ ಈಜು ಕಲಿಸಿದವರೂ ಅವರೇ, ಅದೆಲ್ಲ ನಿಜ. ಆದರೆ ನಾನು ಈ ಮನೆಗೆ ಬಂದಮೇಲೆ ಅವರು ಬಚ್ಚಲುಮನೆ ಬಿಟ್ಟು ಬೇರೆ ನೀರಿಗೆ ಇಳಿದದ್ದನ್ನು ನೋಡಿಲ್ಲ.

ಮರುದಿನ ಹ್ಯಾಟು ಹಾಕಿಕೊಂಡು ಕೌನ್ಸಿಲ್ ಕಚೇರಿಗೆ ಹೋದರು, ನಾನೂ ಹಿಂದೆ ಹೋದೆ. ಗುಮಾಸ್ತ ನೆವಿಲ್ ಪ್ರಾಟ್ ಗೊತ್ತಲ್ಲ, ಕುರ್ಚಿಯಿಂದ ಏಳಬೇಕಾದರೆ ಕುರ್ಚಿಯೂ ಅವನ ಜೊತೆ ಏಳುತ್ತೆ. "ಐವಿ, ಇದು ಟಿಕೆಟ್ ಹರಿಯೋ ಕೆಲಸ ಅಲ್ಲ ಕಣಮ್ಮ. ಮುಳುಗೋರನ್ನ ಎತ್ತಬೇಕಾಗುತ್ತೆ" ಅಂದ. ನಿನ್ನಮ್ಮ ಕೈಚೀಲವನ್ನು ಅವನ ಮೇಜಿನ ಮೇಲಿಟ್ಟು, "ನೆವಿಲ್, ನಿನ್ನನ್ನ ತೊಟ್ಟಿಲಿಂದ ಎತ್ತಿ ಆಡಿಸಿದ ಕೈ ಇದು. ಆವಾಗ್ಲೂ ನೀನೇನು ಹಗುರ ಇರ್ಲಿಲ್ಲ. ಚೀಟೀಲಿ ವಯಸ್ಸಿನ ಮಾತು ಎಲ್ಲಿದೆ ತೋರ್ಸು" ಅಂದರು. ಅವನು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಇರಲಿಲ್ಲ. ಆಗಲಿ, ಪರೀಕ್ಷೆ ಮಾಡೋರನ್ನು ಕರೆಸ್ತೀನಿ, ಅವರೇ ಹೇಳಲಿ ಅಂದ. ಮುದುಕಿ ಹೆದರಿ ಹಿಂದೆ ಸರೀತಾರೆ ಅಂತ ಅವನ ಲೆಕ್ಕ. ನಿಜ ಹೇಳಬೇಕೆಂದರೆ ನನ್ನದೂ ಅದೇ.

ಆಮೇಲೆ ಶುರುವಾಯ್ತು ನೋಡು ನಮ್ಮ ಅಭ್ಯಾಸ. ಕೊಳದಲ್ಲಿ ನೀರಿಲ್ಲ, ಹಾಗಾಗಿ ಮೆಕಿನ್‌ಟೈರ್ ಅವರ ಹೊಲದ ಕೆರೆ. ಜಿಲ್ ಶಾಲೆಗೆ ಹೋದ ಕೂಡಲೇ ನಾವಿಬ್ಬರೂ ಟ್ರಕ್ಕಿನಲ್ಲಿ ಹೊರಡೋದು. ಕಾಫಿ ಬಣ್ಣದ ನೀರು, ಕಾಲಿಟ್ಟರೆ ಕೆಸರು ಹೀರಿಕೊಳ್ಳುತ್ತೆ, ದಡದಲ್ಲಿ ಹಸುಗಳು ಸಾಲಾಗಿ ನಿಂತು ನಮ್ಮನ್ನೇ ನೋಡೋದು. ಮೊದಲ ದಿನ ಅರ್ಧ ಕೆರೆ ದಾಟುವಷ್ಟರಲ್ಲಿ ಅವರಿಗೆ ಏದುಸಿರು ಬಂತು. ಬಂದು ದಡ ಹಿಡಿದು, "ಈ ಕೆರೆ ಉದ್ದ ಆಗಿದೆ" ಅಂದರು. ವಾರ ಕಳೆಯುವಷ್ಟರಲ್ಲಿ ಕೆರೆ ಅವರಿಗೆ ಗಿಡ್ಡ ಆಗಿತ್ತು. ಎಳೆದು ತರೋ ಅಭ್ಯಾಸಕ್ಕೆ ಮುಳುಗೋ ಮನುಷ್ಯರು ಬೇಕಲ್ಲ, ಆ ಕೆಲಸ ನನಗೆ. ನನಗೆ ನೀರು ಅಂದರೆ ಮಂಡಿಯವರೆಗೆ, ಅದರ ಮೇಲೆ ಬಂದರೆ ಎದೆ ಹೊಡೆದುಕೊಳ್ಳುತ್ತೆ. ಕಣ್ಣು ಮುಚ್ಚಿಕೊಂಡು ಮರದ ಕೊರಡಿನ ಹಾಗೆ ಬಿದ್ದುಕೊಂಡಿದ್ದೆ. "ಒದ್ದಾಡೇ ಲೊರ್ನಾ. ಹೀಗೆ ಹೆಣದ ಹಾಗೆ ಬಿದ್ಕೊಂಡ್ರೆ ನಿನ್ನನ್ನ ಉಳಿಸೋಕೆ ಯಾರಿಗೆ ಮನಸ್ಸು ಬರುತ್ತೆ?" ಅಂದರು. ಒದ್ದಾಡಿದೆ. ಅವರ ಮೂಗಿಗೆ ನನ್ನ ಮೊಣಕೈ ಬಡಿಯಿತು. "ಹ್ಞಾಂ, ಈಗ ಸೊಸೆ ಅನ್ನಿಸ್ತು" ಅಂದರು.

ಡೆಸ್, ನಾವು ನಿನ್ನಮ್ಮನ ಮನೆಗೆ ಬಂದು ಸೇರಿದಾಗಿನಿಂದ, ಮೂರು ವರ್ಷ, ನಾನು ಅವರು ಒಂದೇ ಸೂರಿನಡಿ ಇದ್ದೇವೆ. ಜಗಳ ಅಂತ ಯಾವತ್ತೂ ಆಡಿಲ್ಲ, ಆದರೆ ಉಪ್ಪು ಕೊಡು, ಕಿಟಕಿ ಮುಚ್ಚು ಅನ್ನೋದರಾಚೆಗೆ ಮಾತೂ ಇರಲಿಲ್ಲ. ಒಂದು ದಿನ ಟ್ರಕ್ಕಿನ ಹಿಂದೆ ಟವೆಲ್ ಹೊದ್ದು ಚಹಾ ಕುಡಿಯುತ್ತಾ ಕೂತಿದ್ದಾಗ, ಇದೆಲ್ಲ ಯಾಕೆ ಅಂತ ಕೇಳಿಯೇ ಬಿಟ್ಟೆ. "ಆವತ್ತು ಕಾಲುವೆ ಹತ್ರ ಮಕ್ಕಳು ಕಿರುಚಿದ್ದು ಕೇಳಿ ನಾನೂ ಓಡಿದ್ದೆ. ನಾನು ಹೋಗೋ ಅಷ್ಟರಲ್ಲಿ ಟ್ರ್ಯಾಕ್ಟರಿನವನು ಆ ಮಗೂನ ಮೇಲಕ್ಕೆ ಎತ್ತಿದ್ದ. ತುಟಿ ನೀಲಿ ಆಗಿತ್ತು. ಅವನು ಆ ದಾರೀಲಿ ಬರದೇ ಇದ್ದಿದ್ರೆ? ಅದನ್ನೇ ಯೋಚಿಸ್ತಾ ಇಡೀ ಚಳಿಗಾಲ ಕಳೆದೆ ಲೊರ್ನಾ. ಇನ್ನೊಂದು ಬೇಸಿಗೆ ಹಾಗೆ ಕಳೆಯೋಕೆ ನನ್ನ ಕೈಲಿ ಆಗಲ್ಲ" ಅಂದರು. ಲೋಟ ಕೆಳಗಿಟ್ಟು, "ಏಳಿ, ಇನ್ನೊಂದು ಸಲ ಮುಳುಗ್ತೀನಿ" ಅಂದೆ.

ಮೊನ್ನೆ ಶನಿವಾರ ಪರೀಕ್ಷೆ. ಊರವರೇ ಸೇರಿ ಕೊಳ ತಿಕ್ಕಿ ತೊಳೆದಿದ್ದರು, ಕೌನ್ಸಿಲಿನವರು ನೀರು ಬಿಟ್ಟಿದ್ದರು. ನಾಲ್ಕು ಜನ ಬಂದಾರು ಅಂದುಕೊಂಡಿದ್ದೆ, ಹೋಗಿ ನೋಡಿದರೆ ಬೇಲಿ ಸುತ್ತ ಕಾಲಿಡೋಕೆ ಜಾಗವಿಲ್ಲ. ಕ್ರಿಕೆಟಿನವರು ಅಭ್ಯಾಸ ಬಿಟ್ಟು ಬಿಳಿ ಬಟ್ಟೆಯಲ್ಲೇ ಬಂದಿದ್ದರು. ಹೋಟೆಲಿನವನು ಒಲೆ ತಂದು ಸಾಸೇಜ್ ಸುಡುತ್ತಿದ್ದ. ಪರೀಕ್ಷೆ ಮಾಡೋಕೆ ಬಂದದ್ದು ಮಿಸ್ ಡಾನಹೀ ಅಂತ, ಇಪ್ಪತ್ತೈದರ ಹುಡುಗಿ, ಕೊರಳಲ್ಲಿ ಸೀಟಿ, ಮುಖದಲ್ಲಿ ನಗುವಿನ ಸುಳಿವೇ ಇಲ್ಲ. ನಿನ್ನಮ್ಮ ಹಸಿರು ಈಜುಡುಗೆಯಲ್ಲಿ, ತಲೆಗೆ ರಬ್ಬರು ಟೋಪಿ ಹಾಕಿಕೊಂಡು ಹೊರಗೆ ಬಂದಾಗ ಇಡೀ ಊರು ಒಂದು ಕ್ಷಣ ಎಲ್ಲಿ ನೋಡಬೇಕು ಅಂತ ತಿಳಿಯದೆ ಆಕಾಶ ನೋಡಿತು. ಅವರು ಮಾತ್ರ ರಾಣಿಯ ಹಾಗೆ ನಡೆದು ಬಂದು ನೀರಿಗೆ ಹಾರಿಯೇಬಿಟ್ಟರು.

ಈಜಿನಲ್ಲಿ ತೊಂದರೆಯಾಗಲಿಲ್ಲ, ಕೊಟ್ಟ ಸಮಯದ ಒಳಗೇ ಮುಗಿಸಿದರು. ಆಮೇಲೆ ಆಳದಲ್ಲಿ ಹಾಕಿದ ರಬ್ಬರು ಇಟ್ಟಿಗೆಯನ್ನು ಎತ್ತಿ ತರಬೇಕು. ಮುಳುಗಿದರು, ಬರಿಗೈಯಲ್ಲಿ ಬಂದರು. ಮಿಸ್ ಡಾನಹೀ, "ಇನ್ನೊಂದೇ ಅವಕಾಶ" ಅಂದಳು. ನಿನ್ನಮ್ಮ ಅಂಚು ಹಿಡಿದು ಉಸಿರು ಎಳೆದುಕೊಳ್ಳುತ್ತಾ ನನ್ನ ಕಡೆ ನೋಡಿದರು. ನಾನು ಏನು ಮಾಡಿದೆ ಗೊತ್ತಾ, ಎರಡೂ ಕೈ ಎತ್ತಿ ಕೆರೆಯಲ್ಲಿ ಒದ್ದಾಡಿದ ಹಾಗೆ ಒದ್ದಾಡಿ ತೋರಿಸಿದೆ, ಎಲ್ಲರ ಎದುರಿಗೆ. ಅವರಿಗೆ ನಗು ಬಂತು. ನಗುತ್ತಲೇ ಮುಳುಗಿದವರು ಇಟ್ಟಿಗೆ ಎದೆಗೆ ಒತ್ತಿಕೊಂಡು ಮೇಲೆ ಬಂದರು.

ಕೊನೆಯದು ಮನುಷ್ಯರನ್ನು ಎಳೆದು ತರೋದು. ನಿನ್ನಮ್ಮನಿಗಿಂತ ದಪ್ಪ ಇರೋ ಯಾರಾದರೂ ಬೇಕು ಅಂದಳು ಆ ಹುಡುಗಿ. ಎಲ್ಲರ ಕಣ್ಣೂ ಒಬ್ಬನ ಮೇಲೇ ಹೋಯ್ತು. ನೆವಿಲ್‌ಗೆ ಬೇರೆ ದಾರಿ ಇರಲಿಲ್ಲ, ಕನ್ನಡಕ ತೆಗೆದಿಟ್ಟು ಚಡ್ಡಿಯಲ್ಲಿ ಇಳಿದ. ಆಳದ ಕಡೆ ಸ್ವಲ್ಪ ದೂರ ಹೋಗಿ ಮುಳುಗೋ ನಟನೆ ಮಾಡು ಅಂದಿದ್ದರು. ಎಂಥ ನಟನೆ ಅಂತೀಯ, ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅವನಿಗೆ ಈಜು ಸರಿಯಾಗಿ ಬರಲ್ಲ, ನಾಚಿಕೆಗೆ ಹೇಳಿಲ್ಲ ಅಂತ ಗೊತ್ತಾದದ್ದು ಅವನು ಎರಡನೇ ಸಲ ಒಳಗೆ ಹೋಗಿ ಮೇಲೆ ಬರದಿದ್ದಾಗ. ನಿನ್ನಮ್ಮ ಹತ್ತಿರ ಹೋದರೆ ಕುತ್ತಿಗೆಯನ್ನೇ ತಬ್ಬಿಕೊಂಡ, ಇಬ್ಬರೂ ಮುಳುಗಿದರು. ನೀರಿನ ಮೇಲೆ ರಬ್ಬರು ಟೋಪಿ ಮಾತ್ರ ತೇಲುತ್ತಿತ್ತು. ಮಿಸ್ ಡಾನಹೀ ಸೀಟಿ ಬಿಸಾಡಿ ಹಾರಿದಳು. ಜಿಲ್ ನನ್ನ ಸೊಂಟಕ್ಕೆ ಮುಖ ಒತ್ತಿಕೊಂಡಳು. ಡೆಸ್, ಅಷ್ಟು ಹೊತ್ತು ನಾನು ಏನು ಯೋಚಿಸಿದೆ ಅಂತ ಬರೆಯೋಕೆ ಆಗಲ್ಲ. ಆಮೇಲೆ ಅವರ ಬಿಳಿ ತಲೆ ಕಾಣಿಸಿತು, ನೆವಿಲ್‌ನ ಬೆನ್ನ ಹಿಂದೆ. ಅವನ ಗದ್ದ ಅವರ ಅಂಗೈಯಲ್ಲಿತ್ತು. "ನಾನು ಹಿಡಿದಿದ್ದೀನಿ, ನೀನು ದೂರ ಇರಮ್ಮ" ಅಂದರು ಆ ಹುಡುಗಿಗೆ. ನೆವಿಲ್‌ಗೆ, "ಸುಮ್ನಿರೋ ಮರಿ, ಆಕಾಶ ನೋಡು, ಉಸಿರಾಡು" ಅನ್ನುತ್ತಾ ಅಂಚಿಗೆ ತಂದರು. ನಾಲ್ಕು ಜನ ಸೇರಿ ಅವನನ್ನು ಮೇಲೆತ್ತಿದರು.

ಅವನು ನೀರು ಕಾರಿ, ಎದ್ದು ಕೂತು, ಬಹಳ ಹೊತ್ತು ಯಾರನ್ನೂ ನೋಡಲಿಲ್ಲ. ಆಮೇಲೆ ಹಾಗೇ ಒದ್ದೆ ಮೈಯಲ್ಲಿ ರಸ್ತೆ ದಾಟಿ ಹೋಗಿ, ಗ್ರೆಟಾಳ ಅಂಗಡಿಯ ಹಲಗೆಯಿಂದ ಆ ಹಳದಿ ಚೀಟಿಯನ್ನು ಕಿತ್ತು ಚಡ್ಡಿಯ ಜೇಬಿಗೆ ಹಾಕಿಕೊಂಡ. ಮಿಸ್ ಡಾನಹೀ ನಿನ್ನಮ್ಮನ ಕೈ ಕುಲುಕಿ, "ಪಾಸಾದ್ರಿ. ನನ್ನ ಕೈಲಾದ್ರೂ ಇದು ಆಗ್ತಿತ್ತೋ ಇಲ್ವೋ ಗೊತ್ತಿಲ್ಲ" ಅಂದಳು. ಆಗ ಎದ್ದ ಗದ್ದಲ ನಿನ್ನ ಶೆಡ್ಡಿನವರೆಗೂ ಕೇಳಿಸಿರಬೇಕು. ಸಾಸೇಜ್ ಎಲ್ಲಾ ಸುಟ್ಟು ಕರಕಲಾಗಿತ್ತು, ಆದರೂ ಒಂದೂ ಉಳಿಯಲಿಲ್ಲ. ಬರೋ ಶನಿವಾರ ಕೊಳ ತೆರೆಯುತ್ತೆ. ರೆನಿ ಗಂಟುಮೂಟೆಯ ಮಾತು ಎತ್ತುತ್ತಿಲ್ಲ. ಮಕ್ಕಳ ಪಾಠ ಮುಗಿದ ಮೇಲೆ ನಿನ್ನಮ್ಮ ದೊಡ್ಡ ಹೆಂಗಸರಿಗೂ ಕಲಿಸುತ್ತಾರಂತೆ, ಮೊದಲ ಹೆಸರು ನನ್ನದು.

ಜಿಲ್ ಮುತ್ತು ಕಳಿಸಿದ್ದಾಳೆ. ನಿನ್ನಮ್ಮ "ಮೈ ಕಡೆ ನೋಡ್ಕೋ, ಹೊಟ್ಟೆ ತುಂಬ ತಿನ್ನು" ಅಂತ ಹೇಳಿದ್ದಾರೆ. ಶೆಡ್ಡಿನ ಗೆಳೆಯರಿಗೆಲ್ಲ ನನ್ನ ನಮಸ್ಕಾರ ಹೇಳು, ಅಡುಗೆಯವನಿಗೂ.

ಯಾವಾಗಲೂ ನಿನ್ನವಳೇ,
ಲೊರ್ನಾ

ತಾ.ಕ: ಅಂಚೆ ವ್ಯಾನು ಆಗಲೇ ಗ್ರೆಟಾಳ ಅಂಗಡಿ ಮುಂದೆ ಬಂದು ನಿಂತಿದೆ, ಬೇಗ ಬೇಗ ಬರೀತಿದ್ದೇನೆ. ನಿನ್ನೆ ಸಂಜೆ ನೆವಿಲ್ ನಿನ್ನ ವಿಷಯ ಕೇಳೋಕೆ ಮನೆಗೆ ಬಂದಿದ್ದ. ವಾರವಿಡೀ ಒಬ್ಬರೇ ಕಾಯೋ ಹಾಗಿಲ್ಲ, ಇನ್ನೊಬ್ಬರು ಬೇಕೇ ಬೇಕು ಅಂತ ಮಿಸ್ ಡಾನಹೀ ಬರೆದಿದ್ದಾಳಂತೆ. ಬೇಸಿಗೆಯಲ್ಲಿ ಕೊಳ, ಉಳಿದ ತಿಂಗಳಲ್ಲಿ ಪಂಪು, ಸಭಾಭವನ, ರಸ್ತೆ ರಿಪೇರಿ, ವರ್ಷಪೂರ್ತಿ ಕೆಲಸ, ಡೆಸ್, ಇದೇ ಊರಲ್ಲಿ. ಗೋಧಿ ಕಣಜದವರು ನಿನ್ನನ್ನು ಕೆಲಸದಿಂದ ತೆಗೆದ ಮೇಲೆ ಇಂಥದ್ದೊಂದು ಬಂದೇ ಇಲ್ಲ. ಚೀಟಿ ಇನ್ನೂ ಹಲಗೆಗೆ ಏರಿಲ್ಲ, ಬರೋ ಸೋಮವಾರ ಏರುತ್ತೆ. ಅಷ್ಟರೊಳಗೆ ನೀನು ಬಂದು ಮಾತಾಡಿದರೆ ಸರಿ, ಇಲ್ಲದಿದ್ದರೆ ಬೇರೆಯವರೂ ಕೇಳುತ್ತಾರೆ. "ಡೆಸ್ ಮನಸ್ಸು ಅವನದು, ಒತ್ತಾಯ ಮಾಡಬೇಡ" ಅಂತ ನಿನ್ನಮ್ಮ ನನಗೆ ಹೇಳಿದ್ದಾರೆ. ನಾನು ಒತ್ತಾಯ ಮಾಡುತ್ತಿದ್ದೇನೆ. ಮನೆಗೆ ಬಾ.